ಸೈನ್ ವೇವಲ್ಲಿ ಹಾರ್ಮೋನಿಯಂ ಸ್ವರ: 440 ಬರೋ ಕಡೆ 404 ಬರ್ತಿತ್ತು!

ಶಿರಸಿ ಮನೇಲಿ ಮಳೆ ರಜಾ ಇತ್ತು, ಹಳೇ ಹಾರ್ಮೋನಿಯಮ್ಮಿನ ಬಿಳಿ ಆರು ಅನ್ನೋ ಕೀ ಒತ್ತಿ ಫೋನಲ್ಲಿ ರೆಕಾರ್ಡ್ ಮಾಡಿ, ಪೈಥಾನ್ ಕೋಡಲ್ಲಿ ಅದಕ್ಕೊಂದು ಸೈನ್ (ಒಂದೇ ಸಮ ಏರಿಳಿಯೋ ಅಲೆ) ಸಮೀಕರಣ ಕೂರಿಸೋಣ ಅಂತ ಹೊರಟೆ. ಆ ಸ್ವರ ಸುಮಾರು 440 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 440 ಕಂಪನ ಇರ್ಬೇಕು, ನಂಗೆ ಬಂದಿದ್ದು 404. ಪೆಟ್ಟಿಗೆ ಶ್ರುತಿ ಕೆಟ್ಟಿದೆ ಅಂದ್ಕೊಂಡು ಎರಡು ದಿನ ಅದನ್ನೇ ಬೈದೆ, ಆಯಿ ಬೇರೆ "ಸುಮ್ನೆ ಅದನ್ನ ಬಿಚ್ಚಡ" ಅಂತ ಕೂಗ್ತಾ ಇದ್ರು.

ಕೊನೆಗೆ ಫೈಲಿನ ವಿವರ ನೋಡಿದ್ರೆ, ಫೋನು ಸೆಕೆಂಡಿಗೆ 48000 ಸ್ಯಾಂಪಲ್ (ಸದ್ದಿನ ಅಳತೆ) ತಗೊಂಡಿದೆ, ನಾನು ಕೋಡಲ್ಲಿ ಸಿಡಿ ಲೆಕ್ಕದ 44100 ಬರ್ದಿಟ್ಟಿದ್ದೆ. 440ನ್ನ 44100ರಿಂದ ಗುಣಿಸಿ 48000ರಿಂದ ಭಾಗಿಸಿ ನೋಡಿ, 404.25! ಈಗ ರೇಟನ್ನ ಫೈಲಿಂದಾನೇ ಓದಿಸ್ತೀನಿ.

ಆದ್ರೂ ಆ ಸೈನನ್ನ ಪ್ಲೇ ಮಾಡಿದ್ರೆ ಹಾರ್ಮೋನಿಯಂ ಅಲ್ಲ, ಟಿವಿ ಬಂದಾದಾಗ ಬರ್ತಿದ್ದ ಕೂಂ ಅನ್ನೋ ಸದ್ದು. ಒಂದೇ ಸೈನಲ್ಲಿ ಆಗೋದಲ್ಲ ಇದು, ರೀಡು (ಒಳಗಿನ ಲೋಹದ ಪಟ್ಟಿ) ಅಲುಗುವಾಗ 880, 1320, 1760 ಹೀಗೆ 440ರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಜೊತೆಗೆ ಬರ್ತವೆ. ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರಲ್ಲಿ ಸ್ಪೆಕ್ಟ್ರಮ್ (ಯಾವ ಕಂಪನ ಎಷ್ಟು ಜೋರು ಅನ್ನೋ ಚಿತ್ರ) ಹಾಕಿ ಒಂದೊಂದು ಶಿಖರದ ಎತ್ತರ ನೋಡ್ಕೊಂಡೆ (ಡೆಸಿಬೆಲಲ್ಲಿ ಇರ್ತದೆ, 20 ಕಮ್ಮಿ ಅಂದ್ರೆ ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಹತ್ತನೇ ಒಂದು ಪಾಲು, ಡೆಸಿಬೆಲ್ ಅಂಕಿನೇ ನೇರ ಹಾಕಿ ಮತ್ತೊಮ್ಮೆ ಎಡವಿದ್ದೆ), ಎಂಟು ಸೈನ್ ಕೂಡಿಸಿದ ಮೇಲೆ ದನಿ ಹತ್ರ ಬಂತು. ಒತ್ತಿದ ಕೂಡ್ಲೇ ಗಾಳಿ ತುಂಬೋ ಮೊದಲ ಕ್ಷಣ ಮಾತ್ರ ಈ ಲೆಕ್ಕಕ್ಕೆ ಸಿಗೋದಿಲ್ಲ, ಅದನ್ನ ಕತ್ತರಿಸಿ ನಡುವಿನ ಒಂದು ಸೆಕೆಂಡ್ ಮಾತ್ರ ಇಟ್ಕೊಂಡೆ. ಹೆಂಚಿನ ಮೇಲಿನ ಮಳೆ ಸದ್ದು ಹಾಗೇ ಉಳೀತು, ಇರ್ಲಿ ಬಿಡಿ.