ಕೆರೆಯ ಪುಸ್ತಕಕ್ಕೆ ಮೈಂಡ್ ಮ್ಯಾಪ್: ನನ್ನ ಅನುಭವ, ನನ್ನ ಬೇಡಿಕೆ

ನಮ್ಮ ಹಳೆಯ ಕೆರೆಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದೇನೆ. ಅದರ ಟಿಪ್ಪಣಿಗಳೆಲ್ಲ ಇರುವುದು ಫ್ರೀಪ್ಲೇನ್‌ನಲ್ಲಿ, ಅಂದರೆ ನಡುವಿನ ಒಂದು ವಿಷಯದಿಂದ ಕೊಂಬೆಗಳಂತೆ ಹರಡುವ ನಕ್ಷೆ (ಮೈಂಡ್ ಮ್ಯಾಪ್) ಬರೆಯುವ ತಂತ್ರಾಂಶದಲ್ಲಿ. ಫ್ರೀಮೈಂಡ್ ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದು ಬೆಳೆದ ಮುಕ್ತ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕಡತ ಎಕ್ಸ್‌ಎಂಎಲ್ ಎಂಬ, ಯಾವ ಪಠ್ಯ ಸಂಪಾದಕದಲ್ಲೂ ತೆರೆಯಬಹುದಾದ ರೂಪದಲ್ಲಿ ಉಳಿಯುವುದರಿಂದ ನಾಳೆ ತಂತ್ರಾಂಶವೇ ನಿಂತುಹೋದರೂ ಬರೆದದ್ದು ನನ್ನ ಕೈಲೇ ಇರುತ್ತದೆ. ವರ್ಷಗಟ್ಟಲೆ ನಡೆಯುವ ಕೆಲಸಕ್ಕೆ ಇದೇ ನನ್ನ ಮೊದಲ ಷರತ್ತು.

ನಕ್ಷೆಯ ನಡುವೆ ‘ಕೆರೆ’ ಎಂಬ ನೋಡ್, ಅಂದರೆ ಒಂದು ಟಿಪ್ಪಣಿಯ ಗೂಡು. ಟ್ಯಾಬ್ ಒತ್ತಿದರೆ ಅದಕ್ಕೊಂದು ಮರಿ, ಎಂಟರ್ ಒತ್ತಿದರೆ ಅದರ ಪಕ್ಕಕ್ಕೆ ಇನ್ನೊಂದು. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ (ನೀರು ಹಂಚುವವನು), ಶಾಸನ ಎಂದು ಮೌಸ್ ಮುಟ್ಟದೆ ಟೈಪ್ ಮಾಡುತ್ತಾ ಹೋಗಬಹುದು. ಹೊಸ ಸಂಗತಿ ಸಿಕ್ಕಾಗ ಅದು ಯಾವ ಅಧ್ಯಾಯಕ್ಕೆ ಸೇರುತ್ತದೆಂದು ಆ ಕ್ಷಣದಲ್ಲೇ ತೀರ್ಮಾನಿಸಬೇಕಿಲ್ಲ. ಎಲ್ಲೋ ಒಂದು ಕಡೆ ಬರೆದಿಟ್ಟು, ಆಮೇಲೆ ಎಳೆದು ಸರಿಯಾದ ಕೊಂಬೆಗೆ ಹಾಕಿದರಾಯಿತು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನೋಡ್‌ಗೆ ಅಂಟಿಸುವ ಗುಣಲಕ್ಷಣಗಳು. ಪ್ರತಿ ಶಾಸನದ ನೋಡ್‌ಗೂ ತಾಲ್ಲೂಕು, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹಮಾಲೆಯ ಸಂಪುಟ, ಕಾಲ, ದತ್ತಿಯ ಬಗೆ ಎಂಬ ಚಿಕ್ಕ ಕೋಷ್ಟಕ ಇಟ್ಟಿದ್ದೇನೆ. ‘ಬಿತ್ತುವಟ್ಟ’ ಎಂದು ಫಿಲ್ಟರ್ ಹಾಕಿದರೆ ಕೆರೆಯ ಕೆಲಸಕ್ಕಾಗಿ ಭೂಮಿ ಬಿಟ್ಟುಕೊಟ್ಟ ಶಾಸನಗಳಷ್ಟೇ ಉಳಿದು ಮಿಕ್ಕದ್ದು ಮರೆಯಾಗುತ್ತದೆ. ಯಾವ ಸೀಮೆಯಲ್ಲಿ ದಟ್ಟವಾಗಿವೆ, ಎಲ್ಲಿ ಕಾಣುವುದೇ ಇಲ್ಲ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಕಾರ್ಡುಗಳಲ್ಲಿ ಬರೆದಿಟ್ಟಿದ್ದರೆ ಈ ಪ್ರಶ್ನೆ ಕೇಳಬೇಕೆಂದೇ ನನಗೆ ಹೊಳೆಯುತ್ತಿರಲಿಲ್ಲವೇನೋ.

ಉಪಯೋಗಕ್ಕೆ ಬಂದ ಇನ್ನೊಂದು ಸೌಲಭ್ಯ ಕ್ಲೋನ್. ನೀರುಗಂಟಿಯ ವಿಷಯ ‘ತೂಬು’ ಕೊಂಬೆಗೂ ಬೇಕು, ‘ಜನ’ ಕೊಂಬೆಗೂ ಬೇಕು. ಕ್ಲೋನ್ ಮಾಡಿಟ್ಟರೆ ಒಂದು ಕಡೆ ತಿದ್ದಿದ್ದು ಎರಡೂ ಕಡೆ ಬದಲಾಗುತ್ತದೆ. ವರ್ಕ್‌ಫ್ಲೋಯಿ ಎಂಬ ಟಿಪ್ಪಣಿ ತಂತ್ರಾಂಶದಲ್ಲಿ ಇದನ್ನೇ ಮಿರರ್ ಎನ್ನುತ್ತಾರೆ.

ಇಷ್ಟೆಲ್ಲ ಹುಡುಕುವ, ಜೋಡಿಸುವ ಹಂತದ ಮಾತು. ಬರೆಯಲು ಕೂತಾಗ ಕಥೆಯೇ ಬೇರೆ. ಓದುಗ ಪುಸ್ತಕವನ್ನು ಮೇಲಿಂದ ಕೆಳಕ್ಕೆ ಓದುತ್ತಾನೆ. ಅವನಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಬೇಕು. ಆ ಕ್ರಮ ಕೂಡಿಸಲು ನಕ್ಷೆಗಿಂತ ಔಟ್‌ಲೈನೇ (ಸಾಲಾಗಿ, ಹಂತಹಂತವಾಗಿ ಬರೆದ ಪಟ್ಟಿ) ವಾಸಿ. ಹಾಗಾಗಿ ನಕ್ಷೆಯ ಕೊಂಬೆಯನ್ನು ಕಾಪಿ ಮಾಡಿ ಪಠ್ಯಕಡತಕ್ಕೆ ಪೇಸ್ಟ್ ಮಾಡುತ್ತೇನೆ. ಹಂತಹಂತವಾಗಿ ಒಳಸರಿದ ಸಾಲುಗಳಾಗಿ ಬೀಳುತ್ತದೆ. ಅಲ್ಲಿಂದ ಲಿಬ್ರೆಆಫೀಸ್ ರೈಟರ್‌ಗೆ ತಂದು ಹೆಡಿಂಗ್ ಕೊಟ್ಟರೆ, ಎಫ್5 ಕೀಲಿಯಿಂದ ತೆರೆಯುವ ನ್ಯಾವಿಗೇಟರ್‌ನಲ್ಲಿ ಅಧ್ಯಾಯವನ್ನು ಮೇಲೆ ಕೆಳಗೆ ಸರಿಸಬಹುದು. ಅದರಡಿಯ ಪಠ್ಯವೆಲ್ಲ ಜೊತೆಗೇ ಹೋಗುತ್ತದೆ. ರೈಟರ್ ಬಳಸುವ ಬಹಳ ಮಂದಿ ಈ ಎಫ್5 ಕೀಲಿಯನ್ನು ಒತ್ತಿಯೇ ನೋಡಿರುವುದಿಲ್ಲ, ಒಮ್ಮೆ ಒತ್ತಿ ನೋಡಿ.

ತೊಡಕು ಏನೆಂದರೆ ಈ ದಾರಿ ಹೋಗುವುದಕ್ಕೆ ಮಾತ್ರ, ಬರುವುದಕ್ಕಲ್ಲ. ರೈಟರ್‌ನಲ್ಲಿ ಕೋಡಿಯ ಅಧ್ಯಾಯವನ್ನು ತೂಬಿನ ಮುಂದಕ್ಕೆ ತಂದರೆ ನಕ್ಷೆಗೆ ಅದು ಗೊತ್ತಾಗುವುದಿಲ್ಲ. ನನ್ನ ಮುಖ್ಯ ಬೇಡಿಕೆ ಇಲ್ಲೇ ಇದೆ: ಮಾಹಿತಿ ಒಂದೇ ಇರಲಿ, ನೋಟ ಎರಡಿರಲಿ. ಎಡಕ್ಕೆ ನಕ್ಷೆ, ಬಲಕ್ಕೆ ಪೂರ್ತಿ ಪ್ಯಾರಾಗಳ ಸಮೇತ ಔಟ್‌ಲೈನ್, ಎಲ್ಲಿ ಸರಿಸಿದರೂ ಇನ್ನೊಂದು ಕಡೆ ಸರಿಯಬೇಕು. ಇದು ಆಗದ ಮಾತೇನಲ್ಲ. 1983ರಲ್ಲಿ ಥಿಂಕ್‌ಟ್ಯಾಂಕ್ ಎಂಬ ಔಟ್‌ಲೈನರ್ ತಂದ ಡೇವ್ ವೈನರ್, 1986ರ ‘ಮೋರ್’ನಲ್ಲಿ ಅದೇ ಔಟ್‌ಲೈನನ್ನು ವೃಕ್ಷಚಿತ್ರವಾಗಿಯೂ ತೋರಿಸಿದ್ದರು. ಔಟ್‌ಲೈನ್ ನೋಟ ಕೊಡುವ ಮೈಂಡ್ ಮ್ಯಾಪ್ ತಂತ್ರಾಂಶಗಳು ಈಗಲೂ ಇವೆ, ಆದರೆ ಅಲ್ಲಿ ಕೂತು ಇಡೀ ಅಧ್ಯಾಯ ಬರೆಯುವಷ್ಟು ಅನುಕೂಲ ನಾನು ಬಳಸಿ ನೋಡಿದವುಗಳಲ್ಲಿ ಸಿಕ್ಕಿಲ್ಲ.

ಉಳಿದ ಬೇಡಿಕೆಗಳು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಸಂಬಂಧಿಸಿದವು. ಪರದೆಯ ಮೇಲೆ ಅಕ್ಷರ ಈಗ ಚೆನ್ನಾಗಿಯೇ ಮೂಡುತ್ತದೆ. ಫ್ರೀಪ್ಲೇನ್ ಓಡುವುದು ಜಾವಾ ಎಂಬ ವ್ಯವಸ್ಥೆಯ ಮೇಲೆ; 2017ರಲ್ಲಿ ಬಂದ ಜಾವಾ 9ರಿಂದ ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ಎಂಜಿನ್ ಜಾವಾದೊಳಗೇ ಇದೆ. ಪಿಡಿಎಫ್ ಮಾಡುವಾಗ ಮಾತ್ರ ನಂಬಿಕೆ ಸಾಲದು. ನಾನು ಬಳಸಿ ಬಿಟ್ಟ ಒಂದು ಆನ್‌ಲೈನ್ ತಂತ್ರಾಂಶದಲ್ಲಿ ‘ಅಚ್ಚುಕಟ್ಟು’ ಪದದ ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು.

ಹುಡುಕಾಟ ಇನ್ನೂ ಸೂಕ್ಷ್ಮ. ‘ಕೋಡಿ’ಯ ಓತ್ವದ ದೀರ್ಘವನ್ನು ಯೂನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಠ್ಯವನ್ನು ನಕ್ಷೆಗೆ ಪೇಸ್ಟ್ ಮಾಡಿದ್ದರೆ, ಎದುರಿಗೇ ಇರುವ ಕೋಡಿ ಹುಡುಕಿದಾಗ ಸಿಗದೆ ಹೋಗಬಹುದು. ‘ಚೆಕ್‌ಡ್ಯಾಂ’ ಪದದ ನಡುವೆ ಕೂರುವ ಅಗೋಚರ ಸಂಕೇತದ್ದೂ ಇದೇ ಪಾಡು: ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಹುಡುಕುವ ಮುನ್ನ ಇವನ್ನೆಲ್ಲ ಒಂದೇ ರೂಪಕ್ಕೆ ತಂದುಕೊಳ್ಳುವುದು ತಂತ್ರಾಂಶದ ಕೆಲಸ, ಬಳಸುವವರದ್ದಲ್ಲ.

ಅಕಾರಾದಿಯೂ ಹಾಗೆಯೇ. ಬರಿಯ ಸಂಕೇತಸಂಖ್ಯೆ ಹಿಡಿದು ವಿಂಗಡಿಸಿದರೆ ‘ಳ’ ಬಂದು ‘ವ’ದ ಮುಂದೆ ನಿಲ್ಲುತ್ತದೆ, ಊರುಗಳ ಪಟ್ಟಿಯಲ್ಲಿ ಕಳಸ ಮೊದಲು, ಕವಿತಾಳ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಇರುವುದು ‘ಹ’ದ ನಂತರ. ಸದ್ಯಕ್ಕೆ ಊರಿನ ನೋಡ್‌ಗಳಿಗೆ ಕ್ರಮಸಂಖ್ಯೆಯ ಗುಣಲಕ್ಷಣವೊಂದನ್ನು ನಾನೇ ಸೇರಿಸಿ, ಅದರ ಪ್ರಕಾರ ಜೋಡಿಸಿಕೊಳ್ಳುತ್ತಿದ್ದೇನೆ.