ಒಂದು ಹಾರಾಟಕ್ಕೆ ಎಷ್ಟು ಬಿತ್ತು? ರಾಕೆಟ್ ಮೋಟರ್ ಕೊಂಡ ನನ್ನ ಲೆಕ್ಕ

ಮಗಳ ಎಂಟನೇ ಹುಟ್ಟುಹಬ್ಬಕ್ಕೆ ಸ್ನೇಹಿತರೊಬ್ಬರು ಎಸ್ಟೆಸ್ ಕಂಪನಿಯ ಆಲ್ಫಾ ತ್ರೀ ಅನ್ನುವ, ನಿಜವಾಗಿ ಹಾರುವ ಪುಟ್ಟ ಮಾಡೆಲ್ ರಾಕೆಟ್‌ನ ಕಿಟ್ ಕೊಟ್ಟರು. ರಾಕೆಟ್ ಪುಕ್ಕಟೆ ಬಂತು, ಮೋಟರ್ ಮಾತ್ರ, ಅಂದರೆ ಬುಡದಲ್ಲಿ ಹಾಕಿ ಒಂದೇ ಸಲ ಉರಿಸುವ ಮದ್ದಿನ ಕೊಳವೆ, ನಾವೇ ಕೊಳ್ಳಬೇಕು. ಅಲ್ಲಿಂದ ಶುರುವಾಯಿತು ನೋಡಿ. ನಾವಿರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಮೊದಲ ವರ್ಷದ ಕೊನೆಗೆ ಹೆಂಡತಿ ಕಾರ್ಡ್ ಬಿಲ್ ನೋಡಿ, "ರೀ, ದುಡ್ಡಿಗೆ ಬೆಂಕಿ ಇಡೋದು ಅಂತ ಎಲ್ರೂ ಬಾಯಿ ಮಾತಿಗೆ ಹೇಳ್ತಾರೆ, ನೀವು ನಿಜವಾಗ್ಲೂ ಇಡ್ತಿದ್ದೀರಲ್ಲ" ಅಂದಳು. ಆವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮೋಟರ್, ಎಷ್ಟಕ್ಕೆ ತಂದೆ, ರಾಕೆಟ್ ವಾಪಸ್ ಬಂತೋ ಇಲ್ಲವೋ. ಅಷ್ಟೇ ಅದರಲ್ಲಿರುವುದು.

ಹೊಸಬರಿಗೆ ಮೊದಲು ಮೋಟರ್ ಮೇಲಿನ ಬರಹ ಓದಲು ಬರಬೇಕು. ಸಿ6-5 ಅಂತ ಇದ್ದರೆ, ಸಿ ಅನ್ನುವುದು ಒಟ್ಟು ಎಷ್ಟು ತಳ್ಳುತ್ತೆ ಅಂತ, ಅಂದರೆ ತಳ್ಳುವ ಬಲವನ್ನು ಉರಿಯುವ ಸೆಕೆಂಡ್‌ಗಳಿಂದ ಗುಣಿಸಿದ್ದು. ಎ ಅಂದರೆ 2.5 ನ್ಯೂಟನ್-ಸೆಕೆಂಡ್ ತನಕ, ಬಿ 5ರ ತನಕ, ಸಿ 10, ಡಿ 20, ಹೀಗೆ ಒಂದೊಂದು ಅಕ್ಷರಕ್ಕೂ ದುಪ್ಪಟ್ಟು. 6 ಅನ್ನುವುದು ಸರಾಸರಿ ಎಷ್ಟು ನ್ಯೂಟನ್ ಬಲದಲ್ಲಿ ತಳ್ಳುತ್ತೆ ಅಂತ. ಕೊನೆಯ 5 ಅಂದರೆ ಉರಿದು ಮುಗಿದ ಮೇಲೆ ಐದು ಸೆಕೆಂಡ್ ಬಿಟ್ಟು ಪ್ಯಾರಾಚೂಟನ್ನು ಹೊರಗೆ ದಬ್ಬುತ್ತೆ. ನಾನು ಇದನ್ನು ಓದದೆ, ರಿಯಾಯಿತಿ ಬುಟ್ಟಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸಿ6-0 ಎರಡು ಪೊಟ್ಟಣ ತಂದಿದ್ದೆ. ಕೊನೆಯಲ್ಲಿ ಸೊನ್ನೆ ಇದ್ದರೆ ಅದು ಎರಡು ಹಂತದ ರಾಕೆಟ್‌ನ ಕೆಳಗಿನ ಹಂತಕ್ಕೆ, ಪ್ಯಾರಾಚೂಟ್ ಬಿಚ್ಚುವ ಮದ್ದೇ ಅದರಲ್ಲಿ ಇರಲ್ಲ. ಬಯಲಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ನೋಡಿ ತಡೆದರು, ಪುಣ್ಯ. ಆ ಪೊಟ್ಟಣಗಳನ್ನು ಅವರಿಗೇ ಕೊಟ್ಟುಬಿಟ್ಟೆ.

ಅಗ್ಗ ಅಂದರೆ ಈಗಲೂ ಎಸ್ಟೆಸ್ಸೇ. ಕೊಲೊರಾಡೋದ ಪೆನ್ರೋಸ್‌ನ ಕಂಪನಿ, 1958ರಿಂದ ಇದೆ. ಸಣ್ಣ ಮೋಟರ್‌ಗಳಲ್ಲಿ ಇರುವುದು ಕರಿಮದ್ದು, ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ನಮ್ಮ ದೀಪಾವಳಿ ಪಟಾಕಿಯ ಅದೇ ವಾಸನೆ. ಮೊದಮೊದಲು ಮೂರು ಮೂರರ ಪೊಟ್ಟಣ ತರುತ್ತಿದ್ದೆ. ಇಲ್ಲಿನ ಕ್ರಾಫ್ಟ್ ಅಂಗಡಿಯೊಂದರ ಶೇ. 40ರ ಕೂಪನ್ ಇದ್ದಾಗ ಅದೇ ಲಾಭ ಅಂತಿದ್ದರು ಹಳಬರು, ನಾನು ಬರುವಷ್ಟರಲ್ಲಿ ಅದು ನಿಂತಿತ್ತು. ಈಗ 24 ಇರುವ ದೊಡ್ಡ ಪೆಟ್ಟಿಗೆ ತರಿಸಿ, ಇನ್ನೊಂದು ಮನೆಯವರ ಜೊತೆ ಅರ್ಧ ಅರ್ಧ ಹಂಚಿಕೊಳ್ಳುತ್ತೇನೆ. ನನ್ನ ಲೆಕ್ಕದಲ್ಲಿ ಒಂದೊಂದಕ್ಕೆ ಹೆಚ್ಚುಕಡಿಮೆ ಒಂದು ಡಾಲರ್ ಉಳಿದಿದೆ. ಎ ಮತ್ತು ಸಿ ನಡುವೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಹಾಗಾಗಿ ಸಿ ತಗೊಂಡರೆ ಲಾಭ ಅಂತ ಅನಿಸುತ್ತೆ ಅಲ್ವಾ? ನನಗೂ ಅನಿಸಿತ್ತು. ಆಲ್ಫಾಗೆ ಸಿ ಹಾಕಿ ಗಾಳಿ ಇದ್ದ ದಿನ ಬಿಟ್ಟೆ. ಒಂದು ಚುಕ್ಕೆಯಾಯಿತು, ಆಮೇಲೆ ಚುಕ್ಕೆಯೂ ಇಲ್ಲ. ಆ ಸಿ ಮೋಟರ್‌ನ ಬೆಲೆಗೆ ಒಂದು ರಾಕೆಟ್‌ನ ಬೆಲೆಯನ್ನೂ ಸೇರಿಸಿ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಸಣ್ಣ ಬಯಲಿಗೆ ಎ8-3 ಸಾಕು. ಸಿ ಬೇಕೇ ಬೇಕು ಅಂದರೆ ಬಿಗ್ ಬರ್ತಾ ತರಹದ ದಪ್ಪ ರಾಕೆಟ್‌ಗೆ ಹಾಕಿ, ಅದು ನಿಧಾನಕ್ಕೆ ಏರಿ ಕಣ್ಣಳತೆಯಲ್ಲೇ ಇಳಿಯುತ್ತೆ.

ಪೆಟ್ಟಿಗೆಗಟ್ಟಲೆ ತಂದ ಮೇಲೆ ಇಟ್ಟುಕೊಳ್ಳುವುದು ಹೇಗೆ ಅನ್ನುವುದನ್ನು ಕಷ್ಟಪಟ್ಟು ಕಲಿತೆ. ಒಂದು ಬೇಸಿಗೆಯಲ್ಲಿ ಉಳಿದ ಮೋಟರ್‌ಗಳು ಕಾರಿನ ಡಿಕ್ಕಿಯಲ್ಲೇ ತಿಂಗಳುಗಟ್ಟಲೆ ಉಳಿದವು. ಟೆಕ್ಸಾಸ್ ಬಿಸಿಲು ಗೊತ್ತಲ್ಲ. ಹಗಲು ಕಾದು ರಾತ್ರಿ ತಣ್ಣಗಾದರೆ ಗಟ್ಟಿ ಮಾಡಿದ ಮದ್ದಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ, ಇಲ್ಲವೇ ಮದ್ದು ಕಾಗದದ ಗೋಡೆಯಿಂದ ಬಿಟ್ಟುಕೊಳ್ಳುತ್ತೆ. ಬೆಂಕಿ ಆ ಸಂದಿಗೆಲ್ಲ ಒಂದೇ ಸಲ ನುಗ್ಗಿದರೆ ಒತ್ತಡ ತಡೆಯಲ್ಲ. ಮಗಳು ಬಟನ್ ಒತ್ತಿದಳು, ಢಮ್ ಅಂತು. ರಾಕೆಟ್ ನಿಲ್ಲಿಸುವ ಕಂಬಿಯ ಮೇಲೆ ಕಪ್ಪಾದ ಕೊಳವೆಯ ಒಂದು ಗೇಣು ನಿಂತಿತ್ತು, ರೆಕ್ಕೆಗಳು ಹುಲ್ಲಿನಲ್ಲಿ, ಮೂತಿ ಎಲ್ಲೋ. ಅವಳು ಹೆದರಿಕೊಂಡಳೇನೋ ಅಂತ ತಿರುಗಿ ನೋಡಿದರೆ ಚಪ್ಪಾಳೆ ತಟ್ಟುತ್ತಿದ್ದಾಳೆ, "ಅಪ್ಪಾ, ಇನ್ನೊಂದ್ಸಲ!" ಮೋಟರ್ ಹೀಗೆ ಸಿಡಿಯುವುದಕ್ಕೆ ಇಲ್ಲಿನವರು ಕ್ಯಾಟೋ ಅನ್ನುತ್ತಾರೆ. ಈಗ ಮೋಟರ್‌ಗಳೆಲ್ಲ ಮನೆಯೊಳಗೆ, ತಣ್ಣಗಿರುವ ಬೀರುವಿನ ಮೇಲಿನ ಹಲಗೆಯಲ್ಲಿ ಬೀಗ ಹಾಕಿ ಇಟ್ಟಿರುತ್ತೇನೆ. ಮದ್ದಿಗೂ ಎಸಿ ಬೇಕು.

ಆಮೇಲೆ ಕ್ವೆಸ್ಟ್ ಕಂಪನಿಯ ಕ್ಯೂ-ಜೆಟ್ ಮೋಟರ್ ತಂದೆ. ಇದರಲ್ಲಿ ಕರಿಮದ್ದಲ್ಲ, ಅಮೋನಿಯಂ ಪರ್ಕ್ಲೋರೇಟ್ ಸೇರಿದ ರಬ್ಬರಿನಂಥ ಇಂಧನ. ಅದೇ ತೂಕಕ್ಕೆ ಎರಡು ಪಟ್ಟಿಗೂ ಜಾಸ್ತಿ ಕೆಲಸ ಕೊಡುತ್ತೆ. ಇದರಿಂದ ಏನು ಅನುಕೂಲ ಅಂದರೆ, ಎಸ್ಟೆಸ್‌ನಲ್ಲಿ ಡಿ12 ಬೇಕಾದರೆ ಮೋಟರ್‌ಗೆ 24 ಮಿಲಿಮೀಟರ್ ಅಗಲದ ಜಾಗ ಇರುವ ರಾಕೆಟ್ ಬೇಕು, ಕ್ಯೂ-ಜೆಟ್‌ನ ಡಿ16 ಮಾಮೂಲಿ 18 ಮಿಲಿಮೀಟರ್ ಜಾಗದಲ್ಲೇ ಕೂರುತ್ತೆ. ಬೆಲೆ ಜಾಸ್ತಿ, ಅದೂ ಎರಡರ ಪೊಟ್ಟಣ. ಹೊತ್ತಿಸುವುದೂ ಬೇರೆ ತರಹ. ಕರಿಮದ್ದಿನ ಮೋಟರ್ ಬಾಯಿ ಹತ್ತಿರ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತೆ. ಇದಕ್ಕೆ ಕಿಡಿಯ ತಂತಿಯನ್ನು ಒಳಗೆ ತುದಿ ಮುಟ್ಟುವ ತನಕ ತಳ್ಳಬೇಕು. ನಾನು ಅರ್ಧಕ್ಕೆ ಬಿಟ್ಟು ಮೂರು ತಂತಿ ಸುಮ್ನೆ ಸುಟ್ಟೆ. ಈಗ ಮೊದಲು ತಂತಿಯನ್ನು ಮೋಟರ್ ಪಕ್ಕದಲ್ಲಿ ಹಿಡಿದು ಉದ್ದ ಅಳೆದು ಪೆನ್ನಿನಿಂದ ಗುರುತು ಹಾಕುತ್ತೇನೆ, ಗುರುತು ಬಾಯಿಗೆ ಬಂದರೆ ಸರಿ.

ಎಫ್ ತನಕ ಹೋದಾಗ ನಿಜವಾದ ಖರ್ಚು ಗೊತ್ತಾಯಿತು. ಏರೋಟೆಕ್ ಕಂಪನಿಯ ಎಫ್ ಮೋಟರ್ ಎರಡು ಆರ್ಡರ್ ಹಾಕಿದೆ, ಬಿಲ್ಲಿನಲ್ಲಿ ಅಪಾಯಕಾರಿ ಸರಕಿನ ಶುಲ್ಕ ಅಂತ ಮೂವತ್ತು ಡಾಲರ್ ಮೇಲೆ ಬಂತು. ಮೂಗಿಗಿಂತ ಮೂಗುತಿ ಭಾರ. ಆದರೆ ಆ ಶುಲ್ಕ ಒಂದು ಆರ್ಡರ್‌ಗೆ, ಒಂದು ಮೋಟರ್‌ಗಲ್ಲ. ನಮ್ಮ ರಾಕೆಟ್ ಕ್ಲಬ್‌ನಲ್ಲಿ ಏಳೆಂಟು ಜನ ಸೇರಿ ಒಟ್ಟಿಗೆ ತರಿಸಿದರೆ ತಲೆಗೆ ನಾಲ್ಕೈದು ಡಾಲರ್ ಬೀಳುತ್ತೆ. ಹಾರಿಸುವ ದಿನ ಬಯಲಿಗೇ ವ್ಯಾನ್ ತರುವ ಮಾರಾಟಗಾರರ ಹತ್ತಿರ ಕೊಂಡರೆ ಅದೂ ಇಲ್ಲ.

ಆಗ ಯಾರೋ ಹೇಳಿದರು, ಮತ್ತೆ ಮತ್ತೆ ತುಂಬುವ ಅಲ್ಯುಮಿನಿಯಂ ಕೇಸ್ ತಗೋ, ಇಂಧನದ ಪೊಟ್ಟಣ ಮಾತ್ರ ಕೊಂಡರಾಯಿತು, ಒಂದೇ ಸಲ ಉರಿಸುವ ಮೋಟರ್‌ಗಿಂತ ಅಗ್ಗ ಅಂತ. ಏರೋಟೆಕ್‌ನ 24/40 ಅನ್ನುವ ಕೇಸ್ ತಗೊಂಡೆ. ಅಡುಗೆಮನೆ ಮೇಜಿನ ಮೇಲೆ ಪೇಪರ್ ಹಾಸಿ, ರಬ್ಬರ್ ಉಂಗುರಗಳಿಗೆ ಗ್ರೀಸ್ ಸವರಿ ಕೂರಿಸುವುದು ನನಗಂತೂ ಖುಷಿ ಕೊಡುವ ಕೆಲಸ, ಹಾರಿಸಿದ ಮೇಲೆ ಮಸಿ ತೊಳೆಯುವುದು ಅಲ್ಲ. ಕೆನಡಾದ ಸೆಸರೋನಿ ಕಂಪನಿಯ ಇಂಧನದ ಪೊಟ್ಟಣ ಸಿದ್ಧವಾಗಿಯೇ ಬರುತ್ತೆ, ಕೇಸ್ ಒಳಗೆ ತೂರಿಸಿ ಮುಚ್ಚಿದರೆ ಮುಗಿಯಿತು, ಸ್ನೇಹಿತರದ್ದು ಒಮ್ಮೆ ಹಾರಿಸಿದ್ದೇನೆ. ಹತ್ತು ಹಾರಾಟಕ್ಕೆ ಕೇಸಿನ ದುಡ್ಡು ವಾಪಸ್ ಬರುತ್ತೆ ಅಂತ ನನ್ನ ಲೆಕ್ಕ. ಆರನೆಯದರಲ್ಲಿ ರಾಕೆಟ್ ಬೇಲಿ ದಾಟಿ ಒಂದು ಪೆಕಾನ್ ಮರದ ನೆತ್ತಿಗೆ ಸಿಕ್ಕಿಕೊಂಡಿತು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕೆಂಪು ಕೇಸ್ ಬಿಸಿಲಿಗೆ ಮಿಂಚುತ್ತಿದೆ. ಕೈಗೆ ಮಾತ್ರ ಸಿಗಲಿಲ್ಲ.

ಈಗ ಕೇಸ್ ಎರವಲು ತರುತ್ತೇನೆ. ನಮ್ಮ ಕ್ಲಬ್‌ನಲ್ಲಿ ಕೇಳಿದರೆ ಕೊಡುತ್ತಾರೆ, ಕಳೆದರೆ ಹೊಸದು ತಂದುಕೊಡಬೇಕು, ಅಷ್ಟೇ ಷರತ್ತು. ವರ್ಷಕ್ಕೆ ಮೂರೋ ನಾಲ್ಕೋ ಎಫ್. ಉಳಿದಂತೆಲ್ಲ ಎ ಮತ್ತು ಬಿ. ಈ ತಿಂಗಳ ಗುಂಪಿನ ಆರ್ಡರ್‌ಗೆ ನನ್ನ ಹೆಸರಿನ ಮುಂದೆ ಇರುವುದು ಎ8-3 ಅರ್ಧ ಪೆಟ್ಟಿಗೆ, ಡಿ16 ಒಂದು ಪೊಟ್ಟಣ. ಡಿ16 ಮಗಳು ಸೇರಿಸಿದ್ದು. ಅವಳ ಅಮ್ಮನಿಗೆ ಇನ್ನೂ ಗೊತ್ತಿಲ್ಲ.