ಶೆಡ್ಡಿನ ಬುಡದ ಬೋಲ್ಟುಗಳು: ನಾನು ಕೂರಿಸುವ ಕ್ರಮ

ಹುಬ್ಬಳ್ಳಿಯ ತಾರಿಹಾಳ ಮತ್ತು ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶಗಳಲ್ಲಿ, ಧಾರವಾಡದ ಬೇಲೂರಿನಲ್ಲಿ, ಆಗಾಗ ಹಾವೇರಿ ಜಿಲ್ಲೆಯ ಕಡೆಗೂ ಹೋಗಿ ಕಬ್ಬಿಣದ ಶೆಡ್ಡುಗಳನ್ನು ನಿಲ್ಲಿಸುವುದು ನನ್ನ ಕೆಲಸ. ಶೆಡ್ ಕಟ್ಟಿಸುವ ಮಾಲೀಕರು ಕಂಬ ಎಷ್ಟು ತೂಕದ್ದು, ತಗಡು ಯಾವ ಕಂಪನಿಯದು, ಬಣ್ಣ ಎಷ್ಟು ವರ್ಷ ಬಾಳುತ್ತದೆ ಎಂದು ವಿಚಾರಿಸುತ್ತಾರೆ. ಕಂಬದ ಪಾದದಲ್ಲಿ ಕಾಂಕ್ರೀಟಿನೊಳಗೆ ಹೂತಿರುವ ಬೋಲ್ಟುಗಳ ಬಗ್ಗೆ ಕೇಳುವವರು ವಿರಳ. ಕಂಬ ತನ್ನ ಭಾರದಿಂದಲೇ ನಿಲ್ಲುತ್ತದೆ, ಬೋಲ್ಟು ಅದು ಅತ್ತಿತ್ತ ಸರಿಯದಂತೆ ನೋಡಿಕೊಂಡರೆ ಸಾಕು ಎಂಬ ಭಾವನೆ ಇದಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ.

ಹಗುರವಾದ ಶೆಡ್ಡಿನಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ಐದು ಕೆ.ಜಿ. ಆಸುಪಾಸು ತೂಗುತ್ತದೆ, ತಗಡನ್ನು ಹೊರುವ ಪರ್ಲಿನ್, ರಾಫ್ಟರ್ ಎಂಬ ತೊಲೆಗಳನ್ನೆಲ್ಲ ಸೇರಿಸಿದರೂ ಮಾಡಿನ ತೂಕ ಸಾಮಾನ್ಯವಾಗಿ ಚದರ ಮೀಟರಿಗೆ ಇಪ್ಪತ್ತು ಕೆ.ಜಿ.ಯ ಸುತ್ತಮುತ್ತ ಇರುತ್ತದೆ. ಗಾಳಿಯ ವೇಗದ ವರ್ಗವನ್ನು (ವೇಗವನ್ನು ವೇಗದಿಂದಲೇ ಗುಣಿಸಿದ್ದನ್ನು) 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್ನುಗಳಲ್ಲಿ ಸಿಗುತ್ತದೆ (ಸುಮಾರು ಹತ್ತು ನ್ಯೂಟನ್ ಎಂದರೆ ಒಂದು ಕೆ.ಜಿ. ಭಾರ) ಎಂಬ, ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದ ಸೂತ್ರವನ್ನು ಹಿಡಿದರೆ, ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 65 ಕೆ.ಜಿ.ಯಷ್ಟು ಒತ್ತಡ ಹುಟ್ಟಿಸುತ್ತದೆ. ಮಾಡಿನ ಮೇಲೆ ಇದರ ಬಹುಪಾಲು ಮೇಲಕ್ಕೆ ಎಳೆಯುವ ಬಲವಾಗಿ ಕೆಲಸ ಮಾಡುತ್ತದೆ, ಮತ್ತು ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಮುಂಚೆ ಎದ್ದ ಬಿರುಗಾಳಿಗೆ ಎದುರಾಗಿ ದೊಡ್ಡ ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿಯೂ ಮಾಡನ್ನು ಮೇಲಕ್ಕೇ ತಳ್ಳುತ್ತದೆ. ಆ ಹೊತ್ತಿನಲ್ಲಿ ಶೆಡ್ಡನ್ನು ನೆಲಕ್ಕೆ ಹಿಡಿದಿಡುವುದು ಬೋಲ್ಟುಗಳು ಮಾತ್ರ.

ಹಾಗೆಂದು ದಪ್ಪ ಬೋಲ್ಟು ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. 4.6 ದರ್ಜೆಯ (ಸಾಮಾನ್ಯ ಬಲದ ಉಕ್ಕಿನ) 20 ಮಿ.ಮೀ. ಬೋಲ್ಟಿನ ಎಳೆ ಕೊರೆದ ಭಾಗದಲ್ಲಿ ಲೆಕ್ಕಕ್ಕೆ ಸಿಗುವ ವಿಸ್ತೀರ್ಣ 245 ಚದರ ಮಿ.ಮೀ.; ಸುರಕ್ಷತೆಯ ಅಂಶಗಳನ್ನೆಲ್ಲ ಕಳೆದ ಮೇಲೂ ಅಂಥ ಒಂದು ಬೋಲ್ಟು ಸುಮಾರು ಏಳು ಟನ್ ಎಳೆತವನ್ನು ತಡೆಯುತ್ತದೆ. ನಾಲ್ಕು ಬೋಲ್ಟುಗಳಿಗೆ ಇಪ್ಪತ್ತೆಂಟು ಟನ್ ಆಯಿತು. ಆದರೆ ಒಂದೂವರೆ ಮೀಟರ್ ಚೌಕದ, 400 ಮಿ.ಮೀ. ದಪ್ಪದ ಫುಟಿಂಗು (ನೆಲದೊಳಗಿನ ಕಾಂಕ್ರೀಟ್ ಅಡಿಪಾಯ) ಮತ್ತು ಅದರ ಮೇಲೆ ಕಬ್ಬಿಣದ ಕಂಬ ಕೂರುವ ಗಿಡ್ಡ ಕಾಂಕ್ರೀಟ್ ಕಂಬವಾದ ಪೆಡಸ್ಟಲ್ ಎರಡೂ ಸೇರಿ ಮೂರು ಟನ್ ಕೂಡ ತೂಗುವುದಿಲ್ಲ. ಉಳಿದದ್ದನ್ನು ಅದರ ಮೇಲೆ ತುಂಬಿದ ಮಣ್ಣೇ ಕೊಡಬೇಕು. ಆದ್ದರಿಂದ ಬೋಲ್ಟಿನ ಅಳತೆಯನ್ನು ನೋಡುವ ಮುಂಚೆ ನಾನು ಫುಟಿಂಗಿನ ಅಳತೆಯನ್ನೂ ಆಳವನ್ನೂ ನೋಡುತ್ತೇನೆ. ನಮ್ಮ ಕಡೆಯ ಎರೆಮಣ್ಣಿನಲ್ಲಿ ಗುಂಡಿಯನ್ನು ಗರಸು ಸಿಗುವವರೆಗೆ ತೋಡಿಸುತ್ತೇನೆ, ಏಕೆಂದರೆ ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಯ ಮೇಲೆ ನಿಂತ ಫುಟಿಂಗು ಬೋಲ್ಟುಗಳ ಸಮೇತ ಏರಿಳಿಯುತ್ತದೆ. ಮತ್ತೆ ತುಂಬುವಾಗಲೂ ಅಗೆದ ಎರೆಯನ್ನೇ ದಬ್ಬದೆ, ಗರಸು ಹಾಕಿ ಪದರ ಪದರವಾಗಿ ನೀರು ಹೊಡೆದು ದಮ್ಮಸ್ಸು ಮಾಡಿಸುತ್ತೇನೆ.

ಬೋಲ್ಟಿನ ಕೆಳತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಹೂಳುವುದು ಇಲ್ಲಿ ರೂಢಿ. ಬಾಗಿದ ತುದಿ ಜೋರಾದ ಎಳೆತಕ್ಕೆ ನಿಧಾನವಾಗಿ ನೆಟ್ಟಗಾಗುತ್ತ ಕಾಂಕ್ರೀಟಿನಿಂದ ಜಾರಿ ಬರಬಲ್ಲದು. ಹೀಗಾಗಿ ಎಳೆತ ಇರುವಲ್ಲೆಲ್ಲ ನಾನು ನೇರ ಬೋಲ್ಟನ್ನೇ ಬಳಸಿ, ಕೆಳತುದಿಗೆ ದಪ್ಪ ಚೌಕ ಪ್ಲೇಟು ಕೂರಿಸಿ ಅದರ ಮೇಲೂ ಕೆಳಗೂ ನಟ್ಟು ಬಿಗಿಸುತ್ತೇನೆ. ಎಳೆದಾಗ ಆ ಪ್ಲೇಟು ತನ್ನ ಮೇಲಿನ ಕಾಂಕ್ರೀಟನ್ನು ಶಂಕುವಿನ ಆಕಾರದಲ್ಲಿ ಕಿತ್ತುಕೊಂಡು ಬರಲು ನೋಡುತ್ತದೆ. ಆ ಶಂಕು ಮೇಲ್ಮೈಗೆ ಬರುವಷ್ಟರಲ್ಲಿ ಹೂತ ಆಳದ ಮೂರರಷ್ಟು ಅಗಲವಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಅರ್ಧ ಮೀಟರ್ ಆಳದ ಬೋಲ್ಟಿಗೆ ಒಂದೂವರೆ ಮೀಟರ್ ಅಗಲದ ಕಾಂಕ್ರೀಟ್ ಬೇಕು. 450 ಮಿ.ಮೀ. ಚೌಕದ ಪೆಡಸ್ಟಲಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಇಲ್ಲಿ ಎಳೆತವನ್ನು ಹೊರುವುದು ಪೆಡಸ್ಟಲಿನ ನಿಂತ ಸರಳುಗಳು. ಬೋಲ್ಟಿನ ಪ್ಲೇಟು ಆ ಸರಳುಗಳ ಜೊತೆಗೆ ಸಾಕಷ್ಟು ಆಳದವರೆಗೆ ಅಕ್ಕಪಕ್ಕ ಇಳಿದಿರಬೇಕು, ಬೋಲ್ಟು ಆ ಸರಳುಗಳನ್ನು ಸುತ್ತಿ ಕಟ್ಟುವ ರಿಂಗುಗಳ ಒಳಗೇ ಇರಬೇಕು, ಮತ್ತು ಅಡ್ಡಬಲ ಬೀಳುವ ಮೇಲಿನ ಭಾಗದಲ್ಲಿ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟಬೇಕು. ಸರಳು ಕಟ್ಟುವ ಬಾರ್ ಬೆಂಡರ್ ಆ ರಿಂಗುಗಳನ್ನು, ಬೋಲ್ಟುಗಳನ್ನು ಜಾಗದಲ್ಲಿ ಹಿಡಿದಿಡುವ ತೂತಿನ ಪ್ಲೇಟಾದ ಟೆಂಪ್ಲೇಟಿಗೆ ಅಡ್ಡ ಬರುತ್ತವೆಂದು ಬಿಚ್ಚಿಡುವುದುಂಟು. ಕಾಂಕ್ರೀಟ್ ಸುರಿಯುವ ಮುಂಚೆ ನಾನು ಮೊದಲು ಎಣಿಸುವುದು ಅವನ್ನೇ.

ಇನ್ನು ಬೋಲ್ಟುಗಳನ್ನು ಜಾಗದಲ್ಲಿ ನಿಲ್ಲಿಸುವ ಕೆಲಸ. ಕಂಬದ ಬುಡಕ್ಕೆ ಬೆಸೆದ ಬೇಸ್ ಪ್ಲೇಟಿಗೆ ಕೊರೆಯುವ ತೂತು ಬೋಲ್ಟಿಗಿಂತ ಸುಮಾರು 6 ಮಿ.ಮೀ. ದೊಡ್ಡದು, ಎಂದರೆ ಪ್ರತಿ ದಿಕ್ಕಿಗೆ 3 ಮಿ.ಮೀ. ಮಾತ್ರ ಅವಕಾಶ. ಟೆಂಪ್ಲೇಟಿನ ತೂತುಗಳನ್ನು ನಕ್ಷೆ ನೋಡಿ ಗುರುತು ಮಾಡಿಸುವುದಿಲ್ಲ. ಕಾರ್ಖಾನೆಯಲ್ಲಿ ಬೇಸ್ ಪ್ಲೇಟಿಗೆ ಬಳಸಿದ ಮಾದರಿ ಪ್ಲೇಟನ್ನೇ ಮೇಲಿಟ್ಟು ಕೊರೆಸುತ್ತೇನೆ. ಒಂದೇ ಟೆಂಪ್ಲೇಟು ಮೇಲೆ ಹಾಕಿದರೆ ಬೋಲ್ಟಿನ ತಲೆ ಸರಿಯಿದ್ದರೂ ಬುಡ ಓರೆಯಾಗಬಹುದಾದ್ದರಿಂದ, ಕೆಳಗೂ ಒಂದು ತೆಳುವಾದ ಪಟ್ಟಿಯ ಚೌಕಟ್ಟು ಕೊಟ್ಟು ನಾಲ್ಕನ್ನೂ ಒಂದೇ ಗೊಂಚಲಾಗಿ ಕಟ್ಟುತ್ತೇನೆ. ಮೇಲಿನ ಟೆಂಪ್ಲೇಟು ಸೆಂಟ್ರಿಂಗ್ ಹಲಗೆಯನ್ನೂ ಪೆಡಸ್ಟಲಿನ ಸರಳನ್ನೂ ಆಧರಿಸದೆ ನೆಲಕ್ಕೆ ಬಡಿದ ಗೂಟಗಳ ಮೇಲೆ ಸ್ವತಂತ್ರವಾಗಿ ನಿಲ್ಲಬೇಕೆಂಬುದು ನನ್ನ ಹಟ. "ಸಾಹೇಬ್ರ, ಸರಳಿಗೆ ವೆಲ್ಡಿಂಗ್ ಹೊಡ್ದಬಿಟ್ರ ಅಲುಗಾಡಂಗಿಲ್ರಿ" ಎಂದು ಗೌಂಡಿಗಳು ಹೇಳುತ್ತಾರೆ. ಆದರೆ ಕಾಂಕ್ರೀಟನ್ನು ನಡುಗಿಸಿ ಒತ್ತಾಗಿಸುವ ವೈಬ್ರೇಟರಿನ ಸೂಜಿ ಸರಳಿಗೆ ತಾಗಿದೊಡನೆ ಇಡೀ ಪಂಜರ ನಡುಗಿ ಬೋಲ್ಟನ್ನೂ ಜೊತೆಗೆ ಸರಿಸುತ್ತದೆ. ಹೆಚ್ಚು ಬಲದ 8.8 ದರ್ಜೆಯ ಬೋಲ್ಟಾದರೆ ವೆಲ್ಡಿಂಗಿನ ಮಾತೇ ಇಲ್ಲ, ಏಕೆಂದರೆ ಶಾಖ ಸಂಸ್ಕಾರದಿಂದ ಬಂದ ಅದರ ಬಲ ವೆಲ್ಡಿಂಗಿನ ಶಾಖಕ್ಕೆ ಅಲ್ಲೇ ಕೆಡುತ್ತದೆ.

ಕಂಬದಿಂದ ಕಂಬಕ್ಕೆ ಅಳತೆ ಹಿಡಿಯುವಾಗ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಕ್ಕು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ, ಐವತ್ತು ಮೀಟರ್ ಟೇಪು ಬೆಳಗಿಗಿಂತ ಹದಿನೈದು ಡಿಗ್ರಿ ಕಾದರೆ 9 ಮಿ.ಮೀ. ಉದ್ದವಾಗುತ್ತದೆ. ತೂತಿನಲ್ಲಿ ನಮಗಿರುವ ಅವಕಾಶ 3 ಮಿ.ಮೀ. ಎಂಬುದನ್ನು ನೆನೆದರೆ ಮಧ್ಯಾಹ್ನದ ಅಳತೆಯ ಅಪಾಯ ತಿಳಿಯುತ್ತದೆ. ನಾನು ಉದ್ದಳತೆ, ಅಡ್ಡಳತೆ, ಕರ್ಣ ಮೂರನ್ನೂ ಹೊತ್ತೇರುವ ಮುಂಚೆ ಒಂದೇ ಟೇಪಿನಿಂದ ಹಿಡಿಸುತ್ತೇನೆ, ದೊಡ್ಡ ಶೆಡ್ಡಾದರೆ ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ತರಿಸುತ್ತೇನೆ. ಕಾಂಕ್ರೀಟ್ ಹಾಕಿ ಮುಗಿದ ಕೂಡಲೇ, ಅದಿನ್ನೂ ಹಸಿಯಿರುವಾಗಲೇ, ಮತ್ತೊಮ್ಮೆ ಅಳೆಯಬೇಕು. ಆಗ ಸರಿಸಬಹುದಾದದ್ದನ್ನು ಮರುದಿನ ಸುತ್ತಿಗೆಯಿಂದ ಬಡಿದು ಬಗ್ಗಿಸಲು ಹೋಗಬಾರದು. ಎಳೆಗಳಿಗೆ ಗ್ರೀಸ್ ಬಳಿದು ಪಿವಿಸಿ ಪೈಪಿನ ತುಂಡು ತೊಡಿಸಿಟ್ಟರೆ ಸಿಮೆಂಟ್ ಅಂಟುವುದಿಲ್ಲ.

ಕಂಬ ನಿಲ್ಲಿಸಿದ ಮೇಲೆ ಬೇಸ್ ಪ್ಲೇಟಿನ ಕೆಳಗೆ ಕುಗ್ಗದ ಗ್ರೌಟನ್ನು (ಸಂದು ತುಂಬುವ ತೆಳು ಗಾರೆಯನ್ನು) ಒಂದೇ ಬದಿಯಿಂದ ಸುರಿಸುತ್ತೇನೆ. ಎರಡೂ ಬದಿಯಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗ್ರೌಟ್ ಗಟ್ಟಿಯಾಗುವವರೆಗೆ ತಗಡು ಏರಿಸುವುದಿಲ್ಲ.

ಹಳೆಯ ಕಾಂಕ್ರೀಟಿಗೆ ಹೊಸ ಬೋಲ್ಟು ಕೂರಿಸುವ ಕೆಲಸವೂ ಈಗೀಗ ಹೆಚ್ಚಾಗಿದೆ. ಹೊಡೆದು ಬಿಗಿಸುವ ಎಕ್ಸ್‌ಪ್ಯಾನ್ಶನ್ ಬೋಲ್ಟು ಸುತ್ತಲಿನ ಕಾಂಕ್ರೀಟನ್ನು ಹೊರಕ್ಕೆ ಒತ್ತುವುದರಿಂದ, ಅದನ್ನು ಅಂಚಿಗೆ ಹತ್ತಿರ ಹಾಕಿದರೆ ಅಂಚೇ ಸೀಳುತ್ತದೆ; ಅಂಥಲ್ಲಿ ತೂತಿಗೆ ಅಂಟು ತುಂಬಿ ರಾಡು ಕೂರಿಸುವ ಕೆಮಿಕಲ್ ಆ್ಯಂಕರ್ ಮೇಲು. ಸಾಮಾನ್ಯವಾಗಿ 16 ಮಿ.ಮೀ. ರಾಡಿಗೆ 18 ಮಿ.ಮೀ. ತೂತು, 125 ಮಿ.ಮೀ. ಆಳ. ಕೊರೆಯುವವರು ಆಳವನ್ನು ತಪ್ಪದೆ ಪಾಲಿಸುತ್ತಾರೆ, ಪುಡಿಯನ್ನು ಮಾತ್ರ ಬಾಯಿಂದ ಊದಿ ಬಿಡುತ್ತಾರೆ. ಅಂಟು ಹಿಡಿಯಬೇಕಾದದ್ದು ಕಾಂಕ್ರೀಟನ್ನು. ನಡುವೆ ಧೂಳಿನ ಪದರ ಉಳಿದರೆ ಅದು ಹಿಡಿಯುವುದು ಧೂಳನ್ನು. ತಳದವರೆಗೆ ಗಾಳಿ ಊದಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದುವುದನ್ನು ಧೂಳು ಬರುವುದು ನಿಲ್ಲುವವರೆಗೆ ಮಾಡಿಸುತ್ತೇನೆ. ಕಾರ್ಟ್ರಿಡ್ಜಿನಿಂದ ಮೊದಲು ಬರುವ ಅಂಟು ಒಂದೇ ಬಣ್ಣಕ್ಕೆ ತಿರುಗುವವರೆಗೆ ಹೊರಗೆ ಚೆಲ್ಲಿ, ಆಮೇಲೆ ತೂತಿನ ತಳದಿಂದ ತುಂಬುತ್ತ ಬರಬೇಕು. ಬೇಸಿಗೆಯಲ್ಲಿ ಕೆಲವು ಅಂಟುಗಳು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ರಾಡುಗಳನ್ನೆಲ್ಲ ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಂಡೇ ಶುರುಮಾಡುತ್ತೇನೆ. ಗಟ್ಟಿಯಾದ ಬಳಿಕ ಕೆಲವನ್ನು ಜಾಕಿನಿಂದ ಎಳೆದು ಪರೀಕ್ಷಿಸದೆ ಯಂತ್ರ ಕೂರಿಸಲು ಒಪ್ಪುವುದಿಲ್ಲ.

ತಲೆಯ ಮೇಲೆ ಸದಾ ತೂಗುವ ಭಾರಕ್ಕೆ ಮಾತ್ರ ನಾನು ಅಂಟನ್ನು ನೆಚ್ಚುವುದಿಲ್ಲ. 2006ರ ಜುಲೈನಲ್ಲಿ ಅಮೆರಿಕದ ಬಾಸ್ಟನ್ನಿನ ಸುರಂಗವೊಂದರಲ್ಲಿ ಚಾವಣಿಯ ಕಾಂಕ್ರೀಟ್ ಫಲಕಗಳು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ನಿರಂತರ ಎಳೆತಕ್ಕೆ ಎಪಾಕ್ಸಿ ಅಂಟು ನಿಧಾನವಾಗಿ ಹರಿಯುತ್ತ ಬೋಲ್ಟುಗಳನ್ನು ಬಿಟ್ಟುಕೊಟ್ಟಿತೆಂದು ತನಿಖೆ ಹೇಳಿತು. 2012ರ ಡಿಸೆಂಬರಿನಲ್ಲಿ ಜಪಾನಿನ ಸಸಾಗೊ ಸುರಂಗದಲ್ಲೂ ಚಾವಣಿಯ ಫಲಕಗಳು ಕುಸಿದು ಒಂಬತ್ತು ಜನ ಸತ್ತರು. ಅಲ್ಲಿಯೂ ಸೋತದ್ದು ಅಂಟಿನಿಂದ ಕೂರಿಸಿದ ಬೋಲ್ಟುಗಳು. ಬ್ಯಾಡಗಿಯ ಕಡೆ ಮೆಣಸಿನಕಾಯಿಯ ಶೀತಲಗೃಹಗಳಲ್ಲಿ ತಂಪು ಗಾಳಿ ಊದುವ ಯಂತ್ರವನ್ನು ಸ್ಲ್ಯಾಬಿನಡಿ ತೂಗುಹಾಕಬೇಕಾಗುತ್ತದೆ, ಅದು ವರ್ಷಗಟ್ಟಲೆ ಇಳಿಯದ ಭಾರ. ಅಲ್ಲಿ ಸ್ಲ್ಯಾಬಿನ ಆಚೆಗೂ ತೂತು ಕೊರೆಸಿ, ರಾಡನ್ನು ಮೇಲಿನವರೆಗೆ ದಾಟಿಸಿ, ಮೇಲೆ ಪ್ಲೇಟು ಮತ್ತು ಜೋಡಿ ನಟ್ಟು ಹಾಕುತ್ತೇನೆ. ಮಳೆನೀರು ಸೋರುತ್ತದೆ ಎಂದು ಮಾಲೀಕರು ತಕರಾರು ಮಾಡುವುದುಂಟು. ಅವರು ಹೇಳುವುದು ಸುಳ್ಳಲ್ಲವಾದ್ದರಿಂದ ಪ್ಲೇಟಿನ ಸುತ್ತ ಸೀಲೆಂಟ್ ತುಂಬಿ, ಅದರ ಮೇಲೆ ಗಾರೆಯ ದಿಬ್ಬ ಕಟ್ಟಿಸಿ ವಾಟರ್‌ಪ್ರೂಫಿಂಗ್ ಬಳಿಸುತ್ತೇನೆ. ಅದಕ್ಕೂ ಒಪ್ಪದವರಿಗೆ ನೆಲದಿಂದಲೇ ಕಬ್ಬಿಣದ ಚೌಕಟ್ಟು ಎಬ್ಬಿಸಿ ಯಂತ್ರವನ್ನು ಅದರ ಮೇಲೆ ಕೂರಿಸಿಕೊಡುತ್ತೇನೆ.